ಬುತ್ತಿ ಬಿಚ್ಚುವ ಜಾಗ

ಏಪ್ರಿಲ್ ಅರ್ಧ ಕಳೆದು ಮಕ್ಕಳಿಗೆ ರಜೆ ಬಿದ್ದಿತೆಂದರೆ ಶಹಾಪುರದ ನಮ್ಮ ಮನೆಯಲ್ಲಿ ಪ್ರತಿವರ್ಷ ಒಂದು ಚರ್ಚೆ ಏಳುತ್ತದೆ. ಅದು ಎಲ್ಲಿಗೆ ಹೋಗಬೇಕು ಎಂಬುದರ ಬಗ್ಗೆ ಅಲ್ಲ. ಹೋಗುವುದು ಅಂಬೋಲಿಗೆ ಎಂಬುದು ಎಷ್ಟೋ ವರ್ಷಗಳ ಹಿಂದೆ ತೀರ್ಮಾನವಾದ ಮಾತು. ಊಟಿ, ಮಹಾಬಳೇಶ್ವರಗಳು ನಮ್ಮ ಕಿಸೆಗೆ ದೂರ. ಅಂಬೋಲಿಯಾದರೆ ಬೆಳಿಗ್ಗೆ ಹೋಗಿ ರಾತ್ರಿ ನಮ್ಮ ಮನೆಯಲ್ಲೇ ಮಲಗಬಹುದು. ಚರ್ಚೆ ಇರುವುದು, ಹೋದ ಮೇಲೆ ಊಟ ಎಲ್ಲಿ ಎಂಬುದರ ಬಗ್ಗೆ. ಮಕ್ಕಳು ಹೋಟೆಲು ಎನ್ನುತ್ತಾರೆ. ಅಮ್ಮೀ ಬುತ್ತಿ ಎನ್ನುತ್ತಾರೆ. ನಾವಿಬ್ಬರು ಗಂಡಹೆಂಡಿರು ನಡುವೆ ಕೂತು ಎರಡೂ ಕಡೆಯ ಮುಖ ನೋಡುತ್ತೇವೆ. ಕೊನೆಗೆ ಪ್ರತಿವರ್ಷವೂ ಬುತ್ತಿಯೇ ಗೆಲ್ಲುತ್ತದೆ.

ಗೆಲ್ಲುತ್ತಿತ್ತು ಎಂದು ಬರೆಯಬೇಕು. 2025ರ ಮೇ ತಿಂಗಳ ಒಂದು ಭಾನುವಾರ, ಮೂವತ್ತಕ್ಕೂ ಹೆಚ್ಚು ವರ್ಷಗಳಲ್ಲಿ ಮೊದಲ ಬಾರಿಗೆ, ಕಟ್ಟಿಕೊಂಡು ಹೋದ ಬುತ್ತಿ ಬಿಚ್ಚದೆಯೇ ಮನೆಗೆ ವಾಪಸು ಬಂತು. ಆ ದಿನದ ವಿಷಯ ಹೇಳಬೇಕೆಂದೇ ಇದನ್ನು ಬರೆಯುತ್ತಿದ್ದೇವೆ. ಆದರೆ ಅದಕ್ಕೆ ಮುಂಚೆ ದಾರಿಯ ಬಗ್ಗೆ, ಊರಿನ ಬಗ್ಗೆ, ನಮ್ಮ ಬುತ್ತಿಯ ಬಗ್ಗೆ ಸ್ವಲ್ಪ ಹೇಳಬೇಕಾಗುತ್ತದೆ.

ಅಂಬೋಲಿ ಬೆಳಗಾವಿಯಿಂದ ಪಶ್ಚಿಮಕ್ಕೆ ಸುಮಾರು 70 ಕಿ.ಮೀ. ದೂರದಲ್ಲಿ, ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆಯ ಸಾವಂತವಾಡಿ ತಾಲೂಕಿನಲ್ಲಿದೆ. ಸಹ್ಯಾದ್ರಿಯ ಅಂಚಿನ ಮೇಲೆ ಕೂತ ಒಂದು ಹಳ್ಳಿ. ಅದನ್ನು ಗಿರಿಧಾಮ ಎಂದು ಕರೆಯುತ್ತಾರೆ. ಆದರೆ ಅದರ ಎತ್ತರ ಸಮುದ್ರಮಟ್ಟದಿಂದ ಸುಮಾರು 690 ಮೀಟರ್. ನಮ್ಮ ಬೆಳಗಾವಿಯದು ಸುಮಾರು 750 ಮೀಟರ್. ಎಲ್ಲರೂ ಗಿರಿಧಾಮಕ್ಕೆ ಹತ್ತಿ ಹೋದರೆ ಬೆಳಗಾವಿಯವರಾದ ನಾವು ಇಳಿದು ಹೋಗುತ್ತೇವೆ. ಕರಾವಳಿಯ ಸೆಕೆಯಲ್ಲಿ ಬೇಯುವ ಸಾವಂತವಾಡಿ, ವೆಂಗುರ್ಲೆಯ ಜನರಿಗೆ ಅದು ಬೆಟ್ಟ. ಓಣಿಯ ಕಾದ ತಗಡಿನ ಕೆಳಗೆ ಮಗ್ಗದ ಸದ್ದು ಕೇಳುತ್ತ ಬೇಸಿಗೆ ಕಳೆಯುವ ಶಹಾಪುರದವರಿಗೆ ಅದು ನೆರಳು.

ಈ ದಾರಿ ಹಳೆಯದು. ಬೆಳಗಾವಿಯಲ್ಲಿ ಇಂಗ್ಲಿಷರ ದಂಡು ಬೀಡುಬಿಟ್ಟಿದ್ದ ಕಾಲದಲ್ಲಿ, ರೈಲು ಬರುವ ಮುಂಚೆ, ಸಮುದ್ರದ ಮೇಲೆ ಬಂದ ಸಾಮಾನು ವೆಂಗುರ್ಲೆಯ ಬಂದರಿನಲ್ಲಿ ಇಳಿದು ಇದೇ ಘಾಟು ಹತ್ತಿ ಬರುತ್ತಿತ್ತು. ಅಂಬೋಲಿ ಆಗ ಬಂಡಿಗಳ ತಂಗುದಾಣ. ಮುಂದೆ ಸಾವಂತವಾಡಿಯ ಅರಸರೂ ಅಲ್ಲಿ ಬೇಸಿಗೆಯ ಅರಮನೆ ಕಟ್ಟಿಸಿಕೊಂಡರು. ಈಗಲೂ ಬೆಳಗಾವಿಯವರು ಅದನ್ನು ವೆಂಗುರ್ಲಾ ರಸ್ತೆ ಎಂದೇ ಕರೆಯುತ್ತಾರೆ. ಹಿಂಡಲಗಾ ಜೈಲನ್ನು ದಾಟಿ, ಸುಳಗಾ, ಬಾಚಿ ಕಳೆದರೆ ಶಿನೋಳಿಯಲ್ಲಿ ಮಹಾರಾಷ್ಟ್ರ ಶುರು. ಅಂಗಡಿಯ ಫಲಕಗಳಲ್ಲಿ ಲಿಪಿ ಬದಲಾಗುತ್ತದೆ. ಬೈಗುಳ, ಮಾತು, ಮಣ್ಣು ಯಾವುದೂ ಬದಲಾಗುವುದಿಲ್ಲ. ಪಾಟಣೆ ಫಾಟಾ ದಾಟಿದ ಮೇಲೆ ಚಂದಗಡ ತಾಲೂಕಿನ ಗೋಡಂಬಿ ತೋಟಗಳು, ಆಮೇಲೆ ಕಾಡು.

ಅಂಬೋಲಿ ಎಂದರೆ ಹೆಚ್ಚಿನವರಿಗೆ ಮಳೆಗಾಲ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರು ಅದು. ಜುಲೈಯಲ್ಲಿ ಘಾಟಿನ ಜಲಪಾತದ ಕೆಳಗೆ ನಿಲ್ಲಲು ಜಾಗ ಸಿಗುವುದಿಲ್ಲ. ಸಾಲಾಗಿ ಬಜ್ಜಿ, ವಡಾಪಾವು, ಚಹಾ, ಸುಟ್ಟ ಗೋವಿನಜೋಳದ ಅಂಗಡಿಗಳು. ಬೇಸಿಗೆಯಲ್ಲಿ ಆ ಜಲಪಾತ ಒಣಗಿದ ಕರಿಬಂಡೆ. ಅಂಗಡಿಗಳಲ್ಲಿ ಬಹಳಷ್ಟು ಮುಚ್ಚಿರುತ್ತವೆ. ಹೀಗಾಗಿ ಬೇಸಿಗೆಯಲ್ಲಿ ಹೋದವರಿಗೆ ಎಲ್ಲಿ ಊಟ ಎಂಬ ಪ್ರಶ್ನೆ ನಿಜವಾಗಿಯೂ ಪ್ರಶ್ನೆಯೇ. ನಮ್ಮಂಥವರಿಗೆ ಅದು ಎರಡು ಪಟ್ಟು ಪ್ರಶ್ನೆ.

ನಮ್ಮ ಬುತ್ತಿ ಶುರುವಾದದ್ದು 1993ರ ಬೇಸಿಗೆಯಲ್ಲಿ. ಆಗ ನಾವಿನ್ನೂ ಹೈಸ್ಕೂಲಿನಲ್ಲಿದ್ದೆವು. ಏಳನೆಯವರೆಗೆ ಉರ್ದು ಶಾಲೆ, ಎಂಟರಿಂದ ಕನ್ನಡ ಶಾಲೆ. ಎರಡು ಲಿಪಿಗಳನ್ನು ಎರಡು ಕಿಸೆಯಲ್ಲಿಟ್ಟುಕೊಂಡು ತಿರುಗುವ ವಯಸ್ಸು. ಅಬ್ಬಾ ನಮ್ಮನ್ನೆಲ್ಲ ಒಂದು ಬೆಟ್ಟದ ಊರಿಗೆ ಕರೆದುಕೊಂಡು ಹೋಗಿದ್ದರು. ಆ ಊರಿನ ಹೆಸರು ಇಲ್ಲಿ ಬೇಡ. ಮಧ್ಯಾಹ್ನ ಒಂದು ಹೋಟೆಲಿಗೆ ಹೋದೆವು. ಅರ್ಧದಷ್ಟು ಮೇಜುಗಳು ಖಾಲಿಯಿದ್ದವು. ಗಲ್ಲೆಯ ಮೇಲೆ ಕೂತವರು ಅಮ್ಮೀಯ ಬುರ್ಖಾ ನೋಡಿ, ಜಾಗವಿಲ್ಲ ಎಂದರು. ಅಬ್ಬಾ ಖಾಲಿ ಮೇಜುಗಳ ಕಡೆ ನೋಡಿದರು. ಆ ಮನುಷ್ಯ ತಾನೂ ಅತ್ತ ನೋಡಿ, ಅವು ಬೇರೆಯವರಿಗೆ ಎಂದರು. ಜಗಳವಿಲ್ಲ, ಬೈಗುಳವಿಲ್ಲ. ಅಯೋಧ್ಯೆಯ ಘಟನೆ ನಡೆದು ಆರು ತಿಂಗಳೂ ಆಗಿರಲಿಲ್ಲ. ಎಲ್ಲರಿಗೂ ಎಲ್ಲವೂ ಅರ್ಥವಾಗುತ್ತಿದ್ದ ಕಾಲ. ಅಂದು ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತು ಬಾಳೆಹಣ್ಣು, ಬನ್ನು ತಿಂದೆವು. ಅಬ್ಬಾ ಒಂದೇ ಮಾತು ಹೇಳಿದರು: “ಇನ್ನು ಮುಂದೆ ನಮ್ಮ ಅನ್ನ ನಮ್ಮ ಜೊತೆ ಬರಲಿ.”

ಉರ್ದುವಿನಲ್ಲಿ ದಾರಿಯ ಬುತ್ತಿಗೆ ತೋಶಾ ಎನ್ನುತ್ತಾರೆ. ಸತ್ತವರು ಪರಲೋಕಕ್ಕೆ ಒಯ್ಯುವ ಪುಣ್ಯಕ್ಕೂ ಅದೇ ಮಾತು. ಅಮ್ಮೀ ಕಟ್ಟುವ ಬುತ್ತಿಯೂ ಹಾಗೆಯೇ, ಎಲ್ಲಿಗೆ ಹೋದರೂ ಕೊರತೆಯಾಗಬಾರದು ಎಂಬಂತೆ. ತುಪ್ಪದ ಪರಾಠೆ, ಒಣ ಖೀಮಾ, ಬೇಯಿಸಿದ ತತ್ತಿ, ಮಾವಿನಕಾಯಿಯ ಉಪ್ಪಿನಕಾಯಿ, ಒಂದು ಡಬ್ಬಿಯಲ್ಲಿ ಕುಂದಾ. ಅಬ್ಬಾ ತೀರಿಕೊಂಡ ಮೇಲೂ ಅದು ನಿಲ್ಲಲಿಲ್ಲ. ಅಂಬೋಲಿಯ ಯಾವ ತಿರುವಿನಲ್ಲಿ ನೆರಳಿದೆ, ಯಾವ ಮರದ ಬುಡ ಸಪಾಟಾಗಿದೆ, ಎಲ್ಲಿ ಮಂಗಗಳ ಕಾಟ ಕಡಿಮೆ ಎಂಬುದೆಲ್ಲ ನಮಗೆ ಬಾಯಿಪಾಠ. ಊರಿನ ಊಟದ ರುಚಿ ಮಾತ್ರ ಗೊತ್ತಿರಲಿಲ್ಲ.

ಹಾಗೆಂದು ಬರೀ ಬುತ್ತಿಯ ಮೇಲೆಯೇ ಇದ್ದೆವೆಂದೂ ಅಲ್ಲ. ವರ್ಷಗಳು ಕಳೆದಂತೆ ಮಕ್ಕಳ ಹಟಕ್ಕೆ ಸಣ್ಣಪುಟ್ಟ ಬಾಗಿಲುಗಳು ತೆರೆದವು. ಚಾಕು ತಾಗದ ತಿನಿಸುಗಳಿಗೆ ಅಮ್ಮೀಯ ಅಡ್ಡಿಯಿರಲಿಲ್ಲ. ಚಂದಗಡ ತಾಲೂಕು ಕೊಲ್ಹಾಪುರ ಜಿಲ್ಲೆಗೆ ಸೇರಿದ್ದು. ಹೀಗಾಗಿ ದಾರಿಯಲ್ಲಿ ಬೆಳಗಿನ ಹೊತ್ತಿಗೆ ಕೊಲ್ಹಾಪುರದ ಕಡೆಯ ಮಿಸಳ ಸಿಗುತ್ತದೆ. ಮೊಳಕೆಕಾಳಿನ ಮೇಲೆ ಕೆಂಪನೆಯ ಖಾರದ ರಸ, ಮೇಲೆ ಫರಸಾಣ, ಪಕ್ಕದಲ್ಲಿ ಪಾವು. ಮೇ ತಿಂಗಳಲ್ಲಿ ಹಳ್ಳಿಯ ಹೆಣ್ಣುಮಕ್ಕಳು ರಸ್ತೆ ಬದಿಯಲ್ಲಿ ಎಲೆಯ ದೊನ್ನೆಗಳಲ್ಲಿ ಕವಳಿಹಣ್ಣು ಮಾರುತ್ತಾರೆ. ಅವರ ಬಾಯಲ್ಲಿ ಅದು ಕರವಂದ. ಖಾನಾಪುರದ ಕಾಡಿನಿಂದ ಬೆಳಗಾವಿಯ ಪೇಟೆಗೆ ಬುಟ್ಟಿಯಲ್ಲಿ ಬರುವುದೂ ಇದೇ ಹಣ್ಣು. ನೇರಳೆ, ಹಲಸು, ಗೋಡಂಬಿಯ ಹಣ್ಣು, ಘಾಟಿನ ಕೆಳಗಿನಿಂದ ಬಂದ ಆಪೂಸು ಮಾವು. ಇವುಗಳಿಗೆ ಯಾರ ಅಪ್ಪಣೆಯೂ ಬೇಡ.

ಆಮೇಲೆ ಮೀನು. ಕರಾವಳಿಗೆ ಹೋಗುವ ಮುಸ್ಲಿಮ್ ಪ್ರವಾಸಿಗೆ ಮೀನಿಗಿಂತ ದೊಡ್ಡ ಆಸರೆ ಇಲ್ಲ. ಅದನ್ನು ಯಾರು ಹಿಡಿದರು, ಯಾರು ಕೊಯ್ದರು ಎಂದು ಕೇಳಬೇಕಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ; ಅದಕ್ಕೆ ಮುಂಚಿನ ಬೇಸಿಗೆಯಲ್ಲಿ ಸುರಮಯಿ, ಬಾಂಗಡಾಗಳು ಕೆಳಗಿನಿಂದ ಅಂಬೋಲಿಗೆ ಬರುತ್ತವೆ. ಅಕ್ಕಿ ಭಕ್ರಿ, ತೆಂಗಿನಕಾಯಿ ಅರೆದ ಸಾರು, ಕೋಕಂ ಹುಳಿ ಮತ್ತು ಕಾಯಿಹಾಲಿನ ಗುಲಾಬಿ ಬಣ್ಣದ ಸೋಲಕಢಿ. ಆದರೆ ಇಲ್ಲೂ ಅಮ್ಮೀಯದೊಂದು ಗೆರೆಯಿತ್ತು. ಮಾಲ್ವಣಿ ತಾಟಿನಲ್ಲಿ ತಿಸ್ರ್ಯಾ ಎಂಬ ಚಿಪ್ಪುಮೀನು ಬಂದರೆ ಅವರು ಮುಟ್ಟುವುದಿಲ್ಲ. ನಾವು ಹನಫಿಗಳು, ನಮ್ಮಲ್ಲಿ ಚಿಪ್ಪು, ಏಡಿ ಸಲ್ಲದು. ಘಾಟಿನ ಕೆಳಗಿನ ಕೊಂಕಣಿ ಮುಸ್ಲಿಮರು, ಭಟ್ಕಳದ ನವಾಯತರು, ಮಂಗಳೂರಿನ ಬ್ಯಾರಿಗಳು ಶಾಫಿಗಳು. ಅವರಿಗೆ ಸಮುದ್ರದ್ದೆಲ್ಲವೂ ಸಲ್ಲುತ್ತದೆ. ಮುಸ್ಲಿಮರೆಂದರೆ ಎಲ್ಲರ ತಾಟೂ ಒಂದೇ ಎಂದುಕೊಂಡವರು ಒಮ್ಮೆ ಅಂಬೋಲಿಯ ಘಾಟು ಇಳಿದು ನೋಡಬೇಕು.

ಕೋಳಿ, ಕುರಿಯ ವಿಷಯಕ್ಕೆ ಬಂದರೆ ಮಾತ್ರ ಬಾಗಿಲು ಮುಚ್ಚುತ್ತಿತ್ತು. ಕೇಳಬಹುದಲ್ಲ, ಯಾರು ಕೊಯ್ದದ್ದೆಂದು? ಕೇಳಲು ನಮಗೆ ಬಾಯಿ ಬರುತ್ತಿರಲಿಲ್ಲ. ಕೇಳಿದರೆ ನಾವು ಯಾರೆಂದು ಹೇಳಿದಂತಾಗುತ್ತದೆ. ಹೇಳಿದ ಮೇಲೆ ಎದುರಿನವರ ಮುಖ ಹೇಗೆ ಬದಲಾಗುತ್ತದೋ ಎಂಬ ಅಳುಕು. 1993ರ ಆ ಖಾಲಿ ಮೇಜುಗಳು ನಮ್ಮೊಳಗೆ ಎಲ್ಲೋ ಹಾಗೇ ಉಳಿದಿದ್ದವು.

ಇದು ಎಂಥ ವಿಚಿತ್ರವೆಂದರೆ, ನಮ್ಮ ಅಡ್ಡಹೆಸರು ಮುಲ್ಲಾ. ನಮ್ಮ ದಾದಾ ಖಾನಾಪುರ ತಾಲೂಕಿನ ಒಂದು ಹಳ್ಳಿಯಲ್ಲಿ ಮುಲ್ಲಾಕಿ ಮಾಡುತ್ತಿದ್ದವರು. ಈ ಕಡೆಯ ಹಳ್ಳಿಗಳಲ್ಲಿ, ಹಾಗೆಯೇ ಮರಾಠಿ ಸೀಮೆಯಲ್ಲಿ, ಮುಲ್ಲಾ ಅಥವಾ ಮುಲಾಣಿ ಎಂದರೆ ಬರೀ ಮಸೀದಿಯ ಕೆಲಸದವನಲ್ಲ. ಬಡಿಗ, ಕಂಬಾರ, ಕುಂಬಾರರ ಹಾಗೆ ಊರಿನ ಆಯಗಾರರಲ್ಲಿ ಅವನೂ ಒಬ್ಬ. ಊರಲ್ಲಿ ಯಾರ ಮನೆಯಲ್ಲಿ ಕುರಿ ಬಿದ್ದರೂ ಮುಲ್ಲಾ ಬಂದು ಕೊಯ್ಯಬೇಕು. ಮರಾಠರ ಮನೆಯ ಮದುವೆಯಿರಲಿ, ಊರ ದೇವಿಯ ಜಾತ್ರೆಯಿರಲಿ, ದಾದಾ ತಮ್ಮ ಚಾಕು ತೆಗೆದುಕೊಂಡು ಹೋಗುತ್ತಿದ್ದರು. ಮುಲ್ಲಾ ಕೊಯ್ಯದ ಮಾಂಸವನ್ನು ಹಿರಿಯರು ಮುಟ್ಟುತ್ತಿರಲಿಲ್ಲ. ಸತ್ತದ್ದನ್ನೋ ರೋಗ ಹಿಡಿದದ್ದನ್ನೋ ಕೊಯ್ದಿಲ್ಲ ಎಂಬುದಕ್ಕೆ ಅವರ ಕೈಯೇ ಸಾಕ್ಷಿ. ಸುಗ್ಗಿಯಲ್ಲಿ ಭತ್ತದ ರಾಶಿಯಿಂದ ದಾದಾನ ಪಾಲು ಮನೆಗೆ ಬರುತ್ತಿತ್ತು.

ಪ್ರಾಣಿಯ ಎದುರಿಗೆ ಚಾಕು ಮಸೆಯಬಾರದು, ಮೊದಲು ನೀರು ಕುಡಿಸಬೇಕು, ಒಂದು ಪ್ರಾಣಿಯ ಕಣ್ಣೆದುರು ಇನ್ನೊಂದನ್ನು ಕೊಯ್ಯಬಾರದು. ಇದನ್ನೆಲ್ಲ ದಾದಾ ನಮಗೆ ಚಿಕ್ಕಂದಿನಲ್ಲಿ ಹೇಳುತ್ತಿದ್ದರು. ಊರಿನ ಎಲ್ಲ ಮನೆಗಳಲ್ಲೂ ಅವರು ಊಟ ಮಾಡುತ್ತಿದ್ದರಂತೆ. ಅವರಿಗೆ ಕೇಳುವ ಅಗತ್ಯವೇ ಇರಲಿಲ್ಲ, ಕೊಯ್ದವರು ಅವರೇ. ಅಬ್ಬಾ ಹಳ್ಳಿ ಬಿಟ್ಟು ಶಹಾಪುರದ ಮಗ್ಗಕ್ಕೆ ಬಂದರು. ಅಲ್ಲಿಂದ ಶುರುವಾಯಿತು, ಇದು ಯಾರು ಕೊಯ್ದದ್ದು ಎಂಬ ಪ್ರಶ್ನೆ.

ಇತ್ತೀಚಿನ ವರ್ಷಗಳಲ್ಲಿ ಆ ಪ್ರಶ್ನೆ ನಮ್ಮ ಮನೆಯಿಂದ ಬೀದಿಗೂ ಬಂತು. 2022ರ ಮಾರ್ಚ್ ಕೊನೆಯಲ್ಲಿ, ಯುಗಾದಿಯ ಮಾರನೆಯ ದಿನದ ಹೊಸತೊಡಕಿಗೆ ಮುಂಚೆ, ಹಲಾಲ್ ಮಾಂಸ ಕೊಳ್ಳಬೇಡಿರೆಂದು ಕರ್ನಾಟಕದಲ್ಲಿ ಅಭಿಯಾನವೇ ನಡೆಯಿತು. 2024ರ ಜುಲೈಯಲ್ಲಿ ಉತ್ತರ ಪ್ರದೇಶ, ಉತ್ತರಾಖಂಡಗಳಲ್ಲಿ ಕಾವಡ ಯಾತ್ರೆಯ ದಾರಿಯ ತಿಂಡಿಯಂಗಡಿಗಳವರು ಮಾಲೀಕರ ಹೆಸರು ಬರೆದು ಹಾಕಬೇಕೆಂದು ಆದೇಶವಾಯಿತು. ಏನು ಬಡಿಸುತ್ತೀರೆಂದು ಬರೆದರೆ ಸಾಕು, ಹೆಸರಿಗೆ ಒತ್ತಾಯ ಬೇಡವೆಂದು ಸುಪ್ರೀಂ ಕೋರ್ಟು ಅದಕ್ಕೆ ತಡೆ ಕೊಟ್ಟಿತು. 2025ರ ಮಾರ್ಚಿನಲ್ಲಿ ಮಹಾರಾಷ್ಟ್ರದ ಸಚಿವರೊಬ್ಬರು ಹಿಂದೂಗಳೇ ನಡೆಸುವ ಝಟ್ಕಾ ಮಾಂಸದಂಗಡಿಗಳಿಗೆ ‘ಮಲ್ಹಾರ್’ ಎಂಬ ಪ್ರಮಾಣಪತ್ರ ಕೊಡುವುದಾಗಿ ಸಾರಿದರು. ಝಟ್ಕಾ ಬೇಕೆನ್ನುವವರಿಗೆ ಅದನ್ನು ತಿನ್ನುವ ಹಕ್ಕಿದೆ. ಸಿಖ್ಖರಿಗೆ ಹಲಾಲ್ ಸಲ್ಲುವುದೇ ಇಲ್ಲ. ಅದರಲ್ಲಿ ನಮ್ಮ ತಕರಾರಿಲ್ಲ. ಆದರೆ ಒಂದು ಕಾಲಕ್ಕೆ ಊರೇ ನಂಬಿದ್ದ ಕೈಯನ್ನು ನೋಡಿ ಊರು ಹೆದರಬೇಕೆಂದು ಹೇಳಿಕೊಡುವಾಗ, ಆ ಕೈಯ ಮೊಮ್ಮಕ್ಕಳಾದ ನಮಗೆ ಏನನ್ನಿಸಬಹುದು?

ಇಷ್ಟರ ಮೇಲೆ 2025ರ ಏಪ್ರಿಲ್ 22 ಬಂತು. ಕಾಶ್ಮೀರದ ಪಹಲ್ಗಾಮ್ ಕೂಡ ಬೇಸಿಗೆಗೆ ಜನ ಹೋಗುವ ಬೆಟ್ಟದ ಊರೇ. ಅಲ್ಲಿನ ಬೈಸರನ್ ಹುಲ್ಲುಗಾವಲಿನಲ್ಲಿ ಹೆಂಡತಿ ಮಕ್ಕಳೊಂದಿಗೆ ನಿಂತಿದ್ದವರನ್ನು ಧರ್ಮ ಕೇಳಿ ಗುಂಡಿಕ್ಕಿದರು. 26 ಜನ ಸತ್ತರು. ನಮ್ಮ ಶಿವಮೊಗ್ಗದವರೂ ಒಬ್ಬರಿದ್ದರು. ಪ್ರವಾಸಿಗರನ್ನು ಉಳಿಸಲು ಹೋದ ಕುದುರೆಯವನೊಬ್ಬ, ಸೈಯದ್ ಆದಿಲ್ ಹುಸೇನ್ ಶಾ, ತಾನೂ ಸತ್ತ. ಆ ವಾರವಿಡೀ ಅಮ್ಮೀ ಟಿ.ವಿ. ಮುಂದೆ ಕೂತು ಅತ್ತರು. ಕೊಂದವರು ನಮ್ಮ ಕಲಿಮಾದ ಹೆಸರು ಹೇಳಿದರಲ್ಲ ಎಂಬ ನಾಚಿಕೆ. ಅದಕ್ಕೆ ಉತ್ತರ ನಮ್ಮನ್ನು ಕೇಳುತ್ತಾರಲ್ಲ ಎಂಬ ಭಯ. ಮೇ ಬಂದಾಗ ಬುರ್ಖಾ ಹಾಕಿದ ಮುದುಕಿಯನ್ನು ಕರೆದುಕೊಂಡು ಬೆಟ್ಟಕ್ಕೆ ಹೋಗುವುದು ಈ ವರ್ಷ ಬೇಡವೆಂದು ನಾವಿಬ್ಬರೂ ಮಾತಾಡಿಕೊಂಡೆವು. ಅಮ್ಮೀಯೇ ಹೇಳಿದರು: “ಈ ವರ್ಷ ಹೋಗದಿದ್ದರೆ ಮುಂದಿನ ವರ್ಷವೂ ಹೋಗಲಾರಿರಿ.” ಹೀಗೆ, ಹಳೆಯ ಓಮ್ನಿಯಲ್ಲಿ ಬುತ್ತಿಯನ್ನಿಟ್ಟುಕೊಂಡು, ಭಾನುವಾರ ಬೆಳಿಗ್ಗೆ ಆರಕ್ಕೆ ಹೊರಟೆವು.

ಅಂಬೋಲಿ ಪೇಟೆಯ ಹಿಂದೆ, ಹಲಸಿನ ಮರದ ಪಕ್ಕ, ‘ಘರಗುತಿ ಜೇವಣ’ ಎಂದು ಬರೆದ ಒಂದು ಮನೆಯಿದೆ. ಮನೆಯೂಟದ ಖಾನಾವಳಿ. ಬೇಸಿಗೆಯಲ್ಲಿ ಇಂಥ ಕಡೆ ಬೆಳಿಗ್ಗೆಯೇ ಹೇಳಿಹೋಗಬೇಕು. ಗಿರಾಕಿ ಕಡಿಮೆಯಾದ್ದರಿಂದ ಹೇಳಿದಷ್ಟೇ ಮಾಡುತ್ತಾರೆ. ಮಕ್ಕಳಿಗೆ ಮೀನು ಕೊಡಿಸೋಣವೆಂದು ವಿಚಾರಿಸಲು ಹೋದೆವು. ಒಳಗಿಂದ ಬಂದ ಹೆಂಗಸಿಗೆ ಐವತ್ತು ದಾಟಿರಬಹುದು. ಮಕ್ಕಳು ಕೂಡಲೇ ‘ಕಾಕು’ ಎಂದು ಕರೆದರು. ನಮಗೂ ಅವರು ಕಾಕುವೇ ಆದರು. ಮೀನಿನ ಗಾಡಿ ಬಂದಿಲ್ಲ, ಜವಾರಿ ಕೋಳಿ ಇದೆ, ಕೋಂಬಡಿ ವಡೆ ಮಾಡುತ್ತೇನೆ ಎಂದರು. ಬೇಡ, ಮಕ್ಕಳಿಗೆ ಅನ್ನ ಸಾರು ಸಾಕು ಎಂದು ನಾವು ಎಂದಿನಂತೆ ಅವಸರದಲ್ಲಿ ಹೇಳಿದೆವು.

ಕಾಕು ಗಾಡಿಯಲ್ಲಿ ಕೂತಿದ್ದ ಅಮ್ಮೀಯ ಕಡೆ ನೋಡಿದರು. “ಆಜಿ ಮುಸಲ್ಮಾನರಾ?” ಎಂದು ಮರಾಠಿಯಲ್ಲಿ ಕೇಳಿದರು. ಅದೇ ಪ್ರಶ್ನೆ. ನಮ್ಮ ಎದೆ ಹೊಡೆದುಕೊಂಡಿತು. ಹೌದೆಂದೆವು. “ಮತ್ತೆ ಮೊದಲೇ ಹೇಳಬಾರದೇ?” ಎಂದು ಅವರು ಹಣೆ ಬಡಿದುಕೊಂಡರು. “ನಮ್ಮಲ್ಲೂ ಕೋಳಿ ಕೊಯ್ಯುವುದು ನಿಮ್ಮವನೇ. ನಮ್ಮ ಮಾವನವರು ಮುಲಾಣಿ ಕೊಯ್ಯದೆ ಉಣ್ಣುತ್ತಿರಲಿಲ್ಲ. ಅವರು ಹೋದ ಮೇಲೂ ಪದ್ಧತಿ ಬಿಟ್ಟಿಲ್ಲ. ಇವತ್ತು ಅವನು ಮದುವೆಗೆ ಹೋಗಿದ್ದಾನೆ. ನೀವೇ ಕೊಯ್ದುಕೊಡಿ, ನಿಮ್ಮ ಮನಸ್ಸಿಗೂ ಸಮಾಧಾನ. ಅಡ್ಡಹೆಸರೇನು?”

“ಮುಲ್ಲಾ.”

“ಹಾಗಿದ್ದರೆ ಇನ್ನೇನು!” ಎಂದು ನಕ್ಕು, ಒಳಗಿನಿಂದ ಚಾಕು ತಂದು ಕೊಟ್ಟೇಬಿಟ್ಟರು.

ದಾದಾನ ಚಾಕುವಿನ ಬಗ್ಗೆ ನಾವು ಎರಡು ಕತೆ ಬರೆದಿದ್ದೇವೆ. ಒಂದು ಕತೆಯನ್ನು ಜನ ಮೆಚ್ಚಿಕೊಂಡದ್ದೂ ಉಂಟು. ಆದರೆ ಆ ದಿನ ನಿಜವಾದ ಚಾಕು ಕೈಗೆ ಬಂದಾಗ ಬೆರಳು ನಡುಗಿದವು. ಜೀವನದಲ್ಲಿ ಒಂದು ಕೋಳಿಯನ್ನೂ ಕೊಯ್ದವರಲ್ಲ ನಾವು. ಅಂಗಡಿಯಲ್ಲಿ ಬೆನ್ನು ತಿರುಗಿಸಿ ನಿಲ್ಲುವವರು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಮಕ್ಕಳು ಹಿಂದೆ ಸರಿದರು.

ಅಮ್ಮೀ ಗಾಡಿಯಿಂದ ಇಳಿದು ಬಂದರು. ಎಪ್ಪತ್ತೆರಡು ವರ್ಷ, ಮೊಣಕಾಲು ನೋವು. ಬುರ್ಖಾ ತೆಗೆದು ಕಾಕುವಿನ ಕೈಗೆ ಕೊಟ್ಟು, ಸೆರಗನ್ನು ತಲೆಗೆ ಬಿಗಿದರು. ಕೋಳಿಗೆ ಒಂದು ಬಟ್ಟಲಲ್ಲಿ ನೀರು ತರಿಸಿದರು. ಹಿತ್ತಲಿಗೆ ಹೋಗಿ, ಬಿಸ್ಮಿಲ್ಲಾ ಅಲ್ಲಾಹು ಅಕ್ಬರ್ ಎಂದು, ಒಂದೇ ಏಟಿಗೆ ಕೆಲಸ ಮುಗಿಸಿದರು. ಅಮ್ಮೀ ಆ ಹಳ್ಳಿಯ ಮುಲ್ಲಾರ ಮನೆಗೆ ಸೊಸೆಯಾಗಿ ಬಂದವರು ಎಂಬುದನ್ನು ನಾವು ಮರೆತಿದ್ದೆವು. ಹೆಣ್ಣು ಕೊಯ್ದರೆ ನಡೆಯುತ್ತದೆಯೇ ಎಂದು ನಮ್ಮ ಮಗಳು ಪಿಸುಗುಟ್ಟಿದಳು. ನಡೆಯುತ್ತದೆ. ಕುರಿ ಕಾಯುವ ಹೆಣ್ಣೊಬ್ಬಳು ಸಾಯುತ್ತಿದ್ದ ಕುರಿಯನ್ನು ಚೂಪಾದ ಕಲ್ಲಿನಿಂದ ಕೊಯ್ದಾಗ, ಅದನ್ನು ಉಣ್ಣಬಹುದೆಂದು ಪ್ರವಾದಿಯವರು ಹೇಳಿದ ಹದೀಸು ಬುಖಾರಿಯಲ್ಲಿದೆ. ಹಳ್ಳಿಯಲ್ಲಿ ದಾದಾ ಇಲ್ಲದ ದಿನ ದಾದಿಯೇ ಹೋಗುತ್ತಿದ್ದರೆಂದು ಅಮ್ಮೀ ಆಮೇಲೆ ಹೇಳಿದರು. ಇಷ್ಟು ವರ್ಷ ಯಾರೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ.

ಹಿರಣ್ಯಕೇಶಿಯ ಮೂಲ ನೋಡಿಕೊಂಡು ಒಂದೂವರೆಗೆ ವಾಪಸು ಬಂದೆವು. ಖಾನಾವಳಿಯಲ್ಲಿ ಇನ್ನೊಂದು ಗುಂಪು ಬಂದಿತ್ತು. ನಾಲ್ಕು ಜನ ಯುವಕರು, ಗಾಡಿಯ ಮುಂದೆ ಕೇಸರಿ ಬಾವುಟ. ನಾವು ಸದ್ದಿಲ್ಲದೆ ಮೂಲೆಯ ಬೆಂಚಿನಲ್ಲಿ ಕೂತೆವು. ಅವರೂ ಕೋಳಿಯೂಟ ಕೇಳಿದ್ದರು. ಕಾಕು ತಾಟು ಇಡುತ್ತ, ಮುಚ್ಚುಮರೆಯಿಲ್ಲದೆ ಹೇಳಿಬಿಟ್ಟರು: “ಕೋಳಿ ಈ ಆಜಿ ಕೊಯ್ದದ್ದು. ಅವರ ಪದ್ಧತಿಯಲ್ಲಿ. ನಡೆಯುತ್ತದೋ ಇಲ್ಲವೋ ಈಗಲೇ ಹೇಳಿ, ಆಮೇಲೆ ಮಾತು ಬೇಡ.”

ಒಂದು ಕ್ಷಣ ಯಾರೂ ಮಾತಾಡಲಿಲ್ಲ. ನಾವು ತಾಟಿನಿಂದ ಕಣ್ಣೆತ್ತಲಿಲ್ಲ. ಮೂವರು, ನಮಗೇನು, ಹಸಿವಾಗಿದೆ, ಹಾಕಿ ಎಂದರು. ನಾಲ್ಕನೆಯವನು ತಾಟನ್ನು ಮೆಲ್ಲಗೆ ಹಿಂದೆ ಸರಿಸಿ, ತನಗೆ ಬರೀ ಅನ್ನ, ಬೇಳೆ ಸಾಕು ಎಂದ. ಒರಟಾಗಿ ಹೇಳಲಿಲ್ಲ. ಕಾಕು ಅವನಿಗೆ ಬೇಳೆ, ಹಪ್ಪಳ, ಉಪ್ಪಿನಕಾಯಿ ಹಾಕಿಕೊಟ್ಟರು. ಉಳಿದವರು ಅವನನ್ನು ಚೇಷ್ಟೆ ಮಾಡಿದರು. ಅವನು ತಲೆ ತಗ್ಗಿಸಿ ಉಂಡ.

ನಮಗೆ ಮೊದಲು ಬಂದದ್ದು ಸಿಟ್ಟು. ಎಪ್ಪತ್ತೆರಡರ ಮುದುಕಿಯ ಕೈಯದ್ದು ಇವನಿಗೆ ಬೇಡವಾಯಿತೇ ಎಂದು. ಆದರೆ ಎರಡನೆಯ ವಡೆ ಮುರಿಯುವಷ್ಟರಲ್ಲಿ ಬೇರೊಂದು ವಿಚಾರ ಹೊಳೆಯಿತು. ಅವನು ಮಾಡಿದ್ದೇನು? ಯಾರು ಕೊಯ್ದದ್ದೆಂದು ತಿಳಿದು, ತನಗೆ ಒಗ್ಗದೆಂದು ಬೇಳೆ ಉಂಡ. ಮೂವತ್ತು ವರ್ಷ ನಾವು ಮಾಡಿದ್ದೂ ಅದೇ ಅಲ್ಲವೇ? ಈ ಊರಿನ ಎಷ್ಟು ಮನೆಗಳ ಮುಂದೆ ಗಾಡಿ ನಿಲ್ಲಿಸದೆ, ಒಂದು ಮಾತು ಕೇಳದೆ, ಮರದ ಬುಡದಲ್ಲಿ ಬುತ್ತಿ ಬಿಚ್ಚಿದ್ದೇವೆ! ಅವನು ಕನಿಷ್ಠ ಅದೇ ಬೆಂಚಿನ ಮೇಲೆ ಕೂತು ಉಂಡ. ನಾವು ಕೂರಲೂ ಇಲ್ಲ. ಕೇಳಿದ್ದರೆ ಕಾಕು ಮೂವತ್ತು ವರ್ಷದ ಹಿಂದೆಯೇ ಹೇಳುತ್ತಿದ್ದರು, ಕೊಯ್ಯುವವನು ನಿಮ್ಮವನೇ ಎಂದು.

1993ರ ಆ ಹೋಟೆಲಿನವರು ಮಾಡಿದ್ದು ಬೇರೆ. ಅವರು ನಮ್ಮನ್ನು ಬಾಗಿಲಲ್ಲೇ ನಿಲ್ಲಿಸಿದರು. ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕುವುದು ತಪ್ಪು. ಏನು ಉಣ್ಣಬೇಕು ಎಂಬುದು ಪ್ರತಿಯೊಬ್ಬನ ಇಷ್ಟ. ಯಾರು ಉಣ್ಣಬಾರದು ಎಂದು ಹೇಳುವುದು ಯಾರ ಹಕ್ಕೂ ಅಲ್ಲ. ಆದರೆ ಒಂದು ಬಾಗಿಲು ಮುಚ್ಚಿತೆಂದು ಉಳಿದ ಎಲ್ಲ ಬಾಗಿಲುಗಳನ್ನೂ ಮುಚ್ಚಿದವೆಂದೇ ತಿಳಿದು ನಡೆದದ್ದು ನಮ್ಮದೇ ತಪ್ಪು. ಭಯಕ್ಕೆ ನಾವು ಸಂಪ್ರದಾಯವೆಂದು ಹೆಸರಿಟ್ಟಿದ್ದೆವು.

ಊಟದ ರುಚಿಯ ಬಗ್ಗೆ ಹೇಳದಿದ್ದರೆ ಕಾಕುವಿಗೆ ಅನ್ಯಾಯವಾದೀತು. ಅಕ್ಕಿ, ಉದ್ದು, ಗೋಧಿಯ ಹಿಟ್ಟಿಗೆ ಮೆಂತ್ಯ, ಕೊತ್ತಂಬರಿಯ ಪುಡಿ ಸೇರಿಸಿ ಕರಿದ ವಡೆ, ಪೂರಿಯ ಹಾಗೆ ಉಬ್ಬಿ ಒಳಗೆ ಮೆತ್ತಗೆ. ಹುರಿದ ಕೊಬ್ಬರಿ ಅರೆದ ಕೋಳಿಯ ಸಾರು ಕಪ್ಪುಗೆಂಪಾಗಿ, ಖಾರವಿದ್ದರೂ ಬಾಯಿ ಸುಡದು. ಕೊನೆಗೆ ಬೆಳ್ಳುಳ್ಳಿ ಜಜ್ಜಿ ಹಾಕಿದ ಸೋಲಕಢಿ. ಅಮ್ಮೀ ಎರಡು ಲೋಟ ಕುಡಿದರು. ಆಮೇಲೆ ಒಳಗೆ ಹೋಗಿ ಒಲೆಯ ಪಕ್ಕ ಕೂತು ಮಸಾಲೆ ಹುರಿಯುವ ಹದ ಕೇಳಿದರು. ಕಾಕು, ಖೀಮಾ ಒಣಗಿಸುವ ಬಗೆ ಕೇಳಿದರು. ಒಬ್ಬರದು ಮಾಲ್ವಣಿ, ಇನ್ನೊಬ್ಬರದು ದಖನಿ ಬೆರೆತ ಖಾನಾಪುರದ ಮರಾಠಿ. ಹೊರಡುವಾಗ ನಾವು ಬುತ್ತಿಯಲ್ಲಿದ್ದ ಕುಂದಾದ ಡಬ್ಬಿಯನ್ನು ಮಾತ್ರ ತೆಗೆದು ಕೊಟ್ಟೆವು. ಅವರು ಒಣಗಿಸಿದ ಕೋಕಂ ಕಟ್ಟಿಕೊಟ್ಟರು. ಬೇಳೆ ಉಂಡ ಹುಡುಗ ತಮ್ಮ ಗಾಡಿಯನ್ನು ಹಿಂದೆ ತೆಗೆದು ನಮ್ಮ ಓಮ್ನಿಗೆ ದಾರಿ ಬಿಟ್ಟ. ಅಮ್ಮೀ ಕಿಟಕಿಯಿಂದ ಅವನಿಗೆ ಕೈಯೆತ್ತಿದರು. ಅವನೂ ಎತ್ತಿದನೋ ಇಲ್ಲವೋ, ತಿರುವಿನಲ್ಲಿ ಕಾಣಲಿಲ್ಲ.

ಓದುಗರಲ್ಲಿ ಯಾರಾದರೂ ಬೇಸಿಗೆಯಲ್ಲಿ ಅಂಬೋಲಿಗೆ ಹೋಗುವುದಾದರೆ ನಮ್ಮ ಅನುಭವದ ಮೂರು ಮಾತು. ಮಳೆ ಹಿಡಿಯುವ ಮುಂಚೆ ಹೋಗಿ. ಜಲಪಾತದ ಅಂಗಡಿಗಳನ್ನು ನಂಬದೆ, ಪೇಟೆಯ ಹಿಂದಿನ ಮನೆಯೂಟದವರಿಗೆ ಬೆಳಿಗ್ಗೆಯೇ ಹೇಳಿ. ನಿಮ್ಮ ಅಗತ್ಯ ಏನೋ ಅದನ್ನು, ಹಲಾಲಿರಲಿ, ಈರುಳ್ಳಿ ಬೆಳ್ಳುಳ್ಳಿ ಬೇಡವೆಂಬುದಿರಲಿ, ಬಾಯಿಬಿಟ್ಟು ಕೇಳಿ. ಬೇಡವೆಂದು ಹೇಳಿಸಿಕೊಳ್ಳುವ ಸಾಧ್ಯತೆ ಇದ್ದೇ ಇದೆ. ಆದರೆ ಕೇಳದೆ ನಾವೇ ಬೇಡವೆಂದು ಹೇಳಿಕೊಂಡು ಬರುವುದಕ್ಕಿಂತ ಅದು ಮೇಲು.

ಹಿರಣ್ಯಕೇಶಿ ಅಂಬೋಲಿಯ ಒಂದು ಗುಹೆಯಲ್ಲಿ ಹುಟ್ಟಿ, ಮಹಾರಾಷ್ಟ್ರದಲ್ಲಿ ಹರಿದು, ನಮ್ಮ ಬೆಳಗಾವಿ ಜಿಲ್ಲೆಯ ಸಂಕೇಶ್ವರಕ್ಕೆ ಬಂದು, ಮುಂದೆ ಘಟಪ್ರಭೆಯನ್ನು ಸೇರುತ್ತದೆ. ನಾವು ಅಂದು ಬೆಳಿಗ್ಗೆ ಆ ನೀರನ್ನು ಬೊಗಸೆಯಲ್ಲಿ ಕುಡಿದಿದ್ದೆವು. ರಾತ್ರಿ ಎಂಟಕ್ಕೆ ಶಹಾಪುರ ತಲುಪಿ, ಅಂಗಳದಲ್ಲಿ ಚಾಪೆ ಹಾಸಿ, ಬೆಳಗಿನ ಬುತ್ತಿಯನ್ನು ಬಿಚ್ಚಿದೆವು. ಪರಾಠೆ ಬಿರುಸಾಗಿತ್ತು. ಖೀಮಾ ಹಳಸಿರಲಿಲ್ಲ. ಮುಂದಿನ ವರ್ಷವೂ ಕಟ್ಟುತ್ತೇನೆ, ದಾರಿಯಲ್ಲಿ ಯಾರಿಗಾದರೂ ಬೇಕಾದೀತು ಎಂದರು ಅಮ್ಮೀ.